ಒಂದು ಯಂತ್ರ, ಎರಡು ಸರ್ವರು

“ಸರ್ವರ್ ಇಲ್ಲ, ನಾಳೆ ಬನ್ನಿ.” ಈ ಮಾತನ್ನು ಕೇಳದ ಮನೆ ಇಂದು ನಮ್ಮ ಕಡೆಯಲ್ಲಿ ಇರಲಾರದು. ಪಡಿತರದ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತಾಗ, ನಾಡಕಚೇರಿಯಲ್ಲಿ ಮಗನ ಜಾತಿ, ಆದಾಯದ ಪ್ರಮಾಣಪತ್ರ ಕೇಳಿದಾಗ, ಪಹಣಿ ತೆಗೆಸಲೆಂದು ಕೂಡ್ಲಿಗಿಗೋ ಹಡಗಲಿಗೋ ಬಸ್ಸು ಹತ್ತಿ ಹೋದಾಗ ಎಷ್ಟೋ ಸಲ ಸಿಕ್ಕುವ ಉತ್ತರ ಇದು. ಮಳೆ ಇಲ್ಲ, ಕರೆಂಟು ಇಲ್ಲ ಎಂಬ ನಮ್ಮ ಹಳೆಯ ಇಲ್ಲಗಳ ಸಾಲಿಗೆ ಸರ್ವರ್ ಇಲ್ಲ ಎಂಬುದೂ ಸೇರಿಕೊಂಡಿದೆ. ಆದರೆ ಇಲ್ಲವಾದದ್ದು ಏನು, ಅದು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಕೇಳಿದರೆ ಹೇಳುವವರು ಕಡಿಮೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಕೇಶಿರಾಜನ ಸೂತ್ರಗಳನ್ನು ಒಪ್ಪಿಸಿ ಪಂಡಿತನಾದವನಿಗೆ ಈ ಯಂತ್ರಗಳ ಗೊಡವೆ ಏಕೆಂದು ನೀವು ಕೇಳಬಹುದು. ನಮ್ಮ ಶಾಲೆಯ ಒಂದು ಗಣಕಯಂತ್ರದಲ್ಲಿ ಎರಡು ಸರ್ವರುಗಳು ಒಂದೇ ಬಾಗಿಲಿಗಾಗಿ ಜಗಳವಾಡಿ, ಮಕ್ಕಳು ನಾಲ್ಕು ವರ್ಷ ಕೂಡಿಹಾಕಿದ್ದ ಗಂಟು ಅಳಿಸಿಹೋಗುವ ಹೊತ್ತು ಬಂದಾಗ, ನಾನು ಕಲಿಯಲೇಬೇಕಾಯಿತು. ಕಲಿತದ್ದನ್ನು ಕಲಿತ ಕ್ರಮದಲ್ಲಿಯೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಶಬ್ದಾರ್ಥ. ಸರ್ವರ್ ಎಂದರೆ ಬಡಿಸುವವನು, ಕೇಳಿದ್ದನ್ನು ತಂದುಕೊಡುವವನು. ನಿಮ್ಮ ಕೈಯ ಮೊಬೈಲಿನಲ್ಲಿ ಒಂದು ಜಾಲತಾಣದ ವಿಳಾಸ ಒತ್ತಿದಿರೆನ್ನಿ. ಎಲ್ಲಿಯೋ ಇರುವ ಒಂದು ಗಣಕಯಂತ್ರಕ್ಕೆ “ಈ ಪುಟ ಬೇಕು” ಎಂಬ ಬೇಡಿಕೆ ಹೋಗುತ್ತದೆ. ಆ ಯಂತ್ರದಲ್ಲಿ ಹಗಲಿರುಳೂ ಎಚ್ಚರವಾಗಿ ಕುಳಿತ ಒಂದು ಕಾರ್ಯಕ್ರಮ, ಎಂದರೆ ಒಂದು ಪ್ರೋಗ್ರಾಮು, ಆ ಬೇಡಿಕೆಯನ್ನು ಕೇಳಿಸಿಕೊಂಡು ಪುಟವನ್ನು ಕಳಿಸಿಕೊಡುತ್ತದೆ. ಈ ಪ್ರೋಗ್ರಾಮಿಗೇ ವೆಬ್ ಸರ್ವರ್ ಎಂದು ಹೆಸರು. ಜನ ಆ ಯಂತ್ರವನ್ನೂ ಸರ್ವರ್ ಎನ್ನುತ್ತಾರೆ, ಅದರೊಳಗಿನ ಪ್ರೋಗ್ರಾಮನ್ನೂ ಸರ್ವರ್ ಎನ್ನುತ್ತಾರೆ. ಈ ಲೇಖನದಲ್ಲಿ ಸರ್ವರ್ ಎಂದಾಗಲೆಲ್ಲ ಪ್ರೋಗ್ರಾಮೆಂದೇ ತಿಳಿಯಿರಿ. ಮನೆ ಬೇರೆ, ಮನೆಯಲ್ಲಿ ಬಡಿಸುವವರು ಬೇರೆ. ಒಂದು ಮನೆಯಲ್ಲಿ ಬಡಿಸುವವರು ಇಬ್ಬರಿರಬಹುದು. ಇಂದಿನ ವಿಷಯವೆಲ್ಲ ಇದರಲ್ಲೇ ಅಡಗಿದೆ.

ಇಂಥ ಮೊದಲನೆಯ ಸರ್ವರನ್ನು 1990ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್‌ಲೀ ಎಂಬವರು ನಡೆಸಿದರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮತ್ತೊಂದು ಸರ್ವರನ್ನು ಕೆಲವು ಮಂದಿ ತಾವಾಗಿಯೇ ಕೂಡಿ, ತೇಪೆ ಹಾಕಿ, ತಿದ್ದಿ, 1995ರಲ್ಲಿ ಅಪಾಚೆ ಎಂಬ ಹೆಸರಿನಿಂದ ಎಲ್ಲರಿಗೂ ಬಿಟ್ಟುಕೊಟ್ಟರು. ಕಾಸು ಕೊಡದೆ ಯಾರು ಬೇಕಾದರೂ ಬಳಸಬಹುದಾದ್ದರಿಂದ ಅದು ಮರುವರ್ಷವೇ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ಸರ್ವರಾಯಿತು. ನಮ್ಮ ಶಾಲೆಯ ಯಂತ್ರಕ್ಕೂ ಅದೇ ಬಂದಿತ್ತು.

ಆ ಯಂತ್ರದ ಕಥೆ ಹೇಳುತ್ತೇನೆ. ನಮ್ಮದು ಹಗರಿಬೊಮ್ಮನಹಳ್ಳಿ ಕಡೆಯ ಶಾಲೆ. ನಮ್ಮ ಮಕ್ಕಳ ಅಜ್ಜಿ, ಸೋದರತ್ತೆ, ದೊಡ್ಡಪ್ಪಂದಿರ ಮನೆಗಳು ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಸೀಮೆಗಳಲ್ಲಿ ಹರಡಿಕೊಂಡಿವೆ. ರಜೆಗೆ ಹೋದಾಗ ಅಲ್ಲಿನ ಹಿರಿಯರನ್ನು ಕೇಳಿ ಹತ್ತು ಹತ್ತು ಮಾತು ಬರೆದುಕೊಂಡು ಬನ್ನಿರೆಂದು ನಾನು ಹೇಳುತ್ತಿದ್ದೆ. ಹಗೇವು, ಕಪಿಲೆ, ಕೂರಿಗೆ, ಎಡೆಕುಂಟೆ, ರಂಟೆ ಇಂಥ ಬೇಸಾಯದ ಮಾತುಗಳು ಬಂದವು. ಹಗೇವು ಎಂಬುದು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಅದನ್ನು ಕಣ್ಣಾರೆ ಕಂಡ ಮಕ್ಕಳು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಹೀಗೆ ಬಂದ ನೂರಾರು ಮಾತುಗಳನ್ನು, ಹೇಳಿದ ಹಿರಿಯರ ಹೆಸರು ಮತ್ತು ಊರಿನ ಸಮೇತ, ಪ್ರಯೋಗಶಾಲೆಯ ಒಂದು ಹಳೆಯ ಯಂತ್ರದಲ್ಲಿ ಮಕ್ಕಳೇ ತುಂಬಿದರು. ಅಪಾಚೆ ಸರ್ವರು ಅದನ್ನು ಕೋಣೆಯ ಉಳಿದ ಯಂತ್ರಗಳಿಗೆ ಒದಗಿಸುತ್ತಿತ್ತು. ಯಂತ್ರಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸಿದ್ದರಿಂದ ಹೊರಗಿನ ಇಂಟರ್ನೆಟ್ಟಿನ ಹಂಗೇ ಇರಲಿಲ್ಲ. 192.168.1.10 ಎಂದು ಒತ್ತಿದರೆ ಪದಗಳ ಪಟ್ಟಿ ಎದುರಿಗೆ ಬರುತ್ತಿತ್ತು.

ಹೀಗಿರುವಾಗ ನಮ್ಮಲ್ಲಿಯೇ ಓದಿ ಮುಂದೆ ಇಂಜಿನಿಯರಿಂಗ್ ಸೇರಿದ ಹುಡುಗನೊಬ್ಬ ಶಾಲೆಗೆ ಒಂದು ಉಡುಗೊರೆ ತಂದ. ಕಿವಿಕ್ಸ್ ಎಂಬುದು 2007ರಿಂದ ನಡೆದುಬಂದಿರುವ ಒಂದು ಉಚಿತ ಯೋಜನೆ. ವಿಕಿಪೀಡಿಯದಂಥ ದೊಡ್ಡ ಜಾಲತಾಣವನ್ನು ಒಂದೇ ಕಡತವಾಗಿ ಕಟ್ಟಿ, ಇಂಟರ್ನೆಟ್ ಇಲ್ಲದ ಕಡೆಯೂ ಓದಲು ಬರುವಂತೆ ಅದು ಮಾಡಿಕೊಡುತ್ತದೆ. ಇಡೀ ಕನ್ನಡ ವಿಕಿಪೀಡಿಯ ಹೀಗೆ ಪೆನ್‌ಡ್ರೈವಿನಲ್ಲಿ ಕುಳಿತು ನಮ್ಮ ಶಾಲೆಗೆ ಬಂದಿತು. ಅದನ್ನು ಓದಿಸಲು ಕಿವಿಕ್ಸ್ ತನ್ನದೇ ಆದ ಚಿಕ್ಕ ಸರ್ವರೊಂದನ್ನು ಜೊತೆಯಲ್ಲಿ ತರುತ್ತದೆ. ತೊಡಕು ಹುಟ್ಟಿದ್ದು ಅಲ್ಲಿಯೇ.

ಹುಡುಗ ಹೊಸ ಸರ್ವರನ್ನು ಎಬ್ಬಿಸಲು ನೋಡಿದ; “ಈ ವಿಳಾಸ ಈಗಾಗಲೇ ಬಳಕೆಯಲ್ಲಿದೆ” ಎಂಬರ್ಥದ ಸಂದೇಶ ತೋರಿ ಅದು ಮಲಗಿತು. ಅವನು ಅಪಾಚೆಯನ್ನು ನಿಲ್ಲಿಸಿ ಮತ್ತೆ ನೋಡಿದ. ವಿಕಿಪೀಡಿಯ ತೆರೆಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಪದಪಟ್ಟಿ ಕಾಣೆಯಾಯಿತು. ರಾತ್ರಿ ಕರೆಂಟು ಹೋಗಿ ಬಂದಿತು. ಬೆಳಗ್ಗೆ ನೋಡಿದರೆ ಪದಪಟ್ಟಿ ಇದೆ, ವಿಕಿಪೀಡಿಯ ಇಲ್ಲ! ವಾರವೆಲ್ಲ ಇದೇ ಆಟ. ಮಕ್ಕಳು ಯಂತ್ರಕ್ಕೆ ಗಾಳಿ ಹಿಡಿದಿದೆ ಎಂದರು. ಗಾಳಿಯೇನೂ ಹಿಡಿದಿರಲಿಲ್ಲ. ಏನಾಗಿತ್ತೆಂಬುದನ್ನು ತಿಳಿಯಲು ನಿಮ್ಮ ಮನೆಯ ರೇಡಿಯೊವೇ ಸಾಕು.

ಆಕಾಶ ಒಂದೇ, ಅದರಲ್ಲಿ ಹರಿಯುವ ನಿಲಯಗಳು ಹಲವು. ಹೊಸಪೇಟೆಯನ್ನು ನಾವು 100.5ರಲ್ಲಿ ಕೇಳುತ್ತೇವೆ. ಮಧ್ಯಮ ತರಂಗದಲ್ಲಿ ಧಾರವಾಡವನ್ನು 765ರಲ್ಲಿ, ಬೆಂಗಳೂರನ್ನು 612ರಲ್ಲಿ ಹುಡುಕುತ್ತಿದ್ದುದು ಹಿರಿಯರಿಗೆ ನೆನಪಿದೆ. ಒಂದೊಂದಕ್ಕೆ ಒಂದೊಂದು ಅಂಕೆ ಇರುವುದರಿಂದಲೇ ಒಂದರ ಮೇಲೆ ಒಂದು ಬೀಳದೆ ಎಲ್ಲವೂ ಇವೆ. ಗಣಕಯಂತ್ರದ ವಿಳಾಸಕ್ಕೂ ಹೀಗೆಯೇ ಅಂಕೆಗಳುಂಟು. ಇವಕ್ಕೆ ಪೋರ್ಟ್ ಎಂದು ಹೆಸರು. ಪೋರ್ಟ್ ಎಂದೊಡನೆ ಬಂದರು ನೆನಪಾಗುತ್ತದೆ. ಇಲ್ಲಿ ಬಾಗಿಲು ಎಂದುಕೊಳ್ಳುವುದು ಲೇಸು. ಒಂದು ವಿಳಾಸದಲ್ಲಿ ಇಂಥ ಬಾಗಿಲುಗಳು 1ರಿಂದ 65,535ರವರೆಗೆ ಇವೆ. ಜಾಲತಾಣಕ್ಕೆಂದು ರೂಢಿಯಾಗಿ ನಿಂತದ್ದು 80ನೆಯ ಬಾಗಿಲು. ಗುಟ್ಟುಲಿಪಿಯಲ್ಲಿ ಭದ್ರವಾಗಿ ಸಾಗುವ ಜಾಲತಾಣಕ್ಕೆ 443. ವಿಳಾಸ ಒತ್ತಿ ಬಾಗಿಲು ಹೇಳದಿದ್ದರೆ ಬೇಡಿಕೆ ತಾನಾಗಿ ಇವೆರಡರಲ್ಲಿ ಒಂದಕ್ಕೆ ಹೋಗುತ್ತದೆ.

ಒಂದು ವಿಳಾಸದ ಒಂದು ಬಾಗಿಲಲ್ಲಿ ಸಾಮಾನ್ಯವಾಗಿ ಒಂದೇ ಸರ್ವರು ಕೂರಬಲ್ಲದು, ಇದು ನಿಯಮ. ಅಪಾಚೆಯೂ 80ನ್ನೇ ಬಯಸಿತು, ಕಿವಿಕ್ಸೂ 80ನ್ನೇ ಬಯಸಿತು. ಕರೆಂಟು ಬಂದು ಯಂತ್ರ ಎದ್ದಾಗ ಯಾವುದು ಮೊದಲು ಎಚ್ಚತ್ತಿತೋ ಅದು ಬಾಗಿಲು ಹಿಡಿಯಿತು. ತಡವಾಗಿ ಬಂದದ್ದು ಮರಳಿ ಮಲಗಿತು. ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವವರಂತೆ, ಮೊದಲು ಬಂದವರಿಗೆ ಸ್ಥಾನ. ಗಾಳಿ ಹಿಡಿಯುವುದರ ಗುಟ್ಟು ಇಷ್ಟೇ.

ಆದರೆ ನಮಗೆ ಅದು ಆಗ ಗೊತ್ತಿರಲಿಲ್ಲ. ಹುಡುಗ ಬೇಸತ್ತು ಹೇಳಿದ: “ಸಾರ್, ಆ ಹಳೇದನ್ನ ತೆಗೆದುಬಿಡೋಣ. ಡಿಸ್ಕು ಒರೆಸಿ ಹೊಸದಾಗಿ ಹಾಕಿಕೊಟ್ಟರೆ ಒಂದು ಗಂಟೆಯ ಕೆಲಸ. ವಿಕಿಪೀಡಿಯದ ಮುಂದೆ ಆ ಪದಪಟ್ಟಿ ಯಾವ ಲೆಕ್ಕ?” ಅವನದು ಒಳ್ಳೆಯ ಮನಸ್ಸೇ. ನನಗೂ ಒಂದು ಕ್ಷಣ ಹೌದೆನ್ನಿಸಿತು. ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹಗೇವಿನ ಮಾತೆಲ್ಲ ನಮ್ಮಜ್ಜಿ ಹೇಳಿದ್ದು. ಅಜ್ಜಿ ಈಗಿಲ್ಲ,” ಎಂದಳು. ಅಷ್ಟೇ ಹೇಳಿ ಕುಳಿತಳು. ಹಗೇವಿನ ಬಾಯಿಗೆ ಮುಚ್ಚುವ ಕಲ್ಲು, ಒಳಗೆ ಇಳಿಯುವ ಮುನ್ನ ದೀಪ ಇಳಿಸಿ ಗಾಳಿ ನೋಡುವ ಕ್ರಮ, ಜೋಳಕ್ಕೆ ತಗಲದಂತೆ ಸುತ್ತ ಹಾಸುವ ಹುಲ್ಲು, ಇವೆಲ್ಲ ಆ ಮುದುಕಿಯ ಬಾಯಿಂದ ಬಂದು ಆ ಡಿಸ್ಕಿನಲ್ಲಿ ಕುಳಿತಿದ್ದವು. ಬೇರೆ ಎಲ್ಲಿಯೂ ಇರಲಿಲ್ಲ. ಒಂದು ದಿನ ತಡೆಯೆಂದು ನಾನು ಹುಡುಗನಿಗೆ ಹೇಳಿದೆ.

ಆ ರಾತ್ರಿ ನನಗೆ ನೆರವಾದದ್ದು ನನ್ನ ಹಳೆಯ ಪಾಠವೇ. ಎರಡು ಸ್ವರಗಳು ಎದುರುಬದುರಾದಾಗ ಕನ್ನಡ ಏನು ಮಾಡುತ್ತದೆ? ನಾವು ಮತ್ತು ಎಲ್ಲ ಕೂಡಿದರೆ ನಾವೆಲ್ಲ. ಒಂದು ಸ್ವರ ಬಿಟ್ಟುಹೋಯಿತು. ಇದು ಲೋಪ. ಆದರೆ ಮನೆ ಎಂಬುದಕ್ಕೆ ಅನ್ನು ಸೇರಿದರೆ ಮನೆಯನ್ನು. ನಡುವೆ ಯಕಾರವೊಂದು ಬಂದು ನಿಂತು ಎರಡು ಸ್ವರಗಳನ್ನೂ ಉಳಿಸಿತು. ಇದು ಆಗಮ. ಲೋಪ ಮಾಡಿದರೆ ಅರ್ಥ ಕೆಡುವ ಕಡೆಯಲ್ಲಿ ಭಾಷೆ ಆಗಮವನ್ನು ಕರೆಯುತ್ತದೆ. ನಮ್ಮ ಹುಡುಗ ಲೋಪಸಂಧಿಯೊಂದನ್ನೇ ಬಲ್ಲವನಾಗಿದ್ದ. ಯಂತ್ರದಲ್ಲಿಯೂ ಆಗಮಸಂಧಿ ಇರಲಾರದೆ? ಮರುದಿನ ಇಬ್ಬರೂ ಕೂತು ಹುಡುಕಿದೆವು. ಇತ್ತು, ಎರಡು ಬಗೆಯಲ್ಲಿ ಇತ್ತು.

ಮೊದಲನೆಯ ಬಗೆ ಬಲು ಸುಲಭ. ಹೊಸ ಸರ್ವರಿಗೆ ಬೇರೆ ಬಾಗಿಲು ತೋರಿಸುವುದು. ಕಿವಿಕ್ಸನ್ನು ಎಬ್ಬಿಸುವಾಗ “ನೀನು 8080ರಲ್ಲಿ ಕೂರು” ಎಂದು ಒಂದು ಮಾತು ಸೇರಿಸಿದರೆ ಆಯಿತು. 80 ಹಿಡಿದಿದ್ದಾಗ ಈ ಅಂಕೆಯನ್ನು ಬಳಸುವುದು ಜಗತ್ತಿನಲ್ಲೆಲ್ಲ ರೂಢಿ. 1024ಕ್ಕಿಂತ ಕೆಳಗಿನ ಬಾಗಿಲುಗಳನ್ನು ಹಿಡಿಯಲು ಲಿನಕ್ಸಿನಂಥ ವ್ಯವಸ್ಥೆಯಲ್ಲಿ ಯಜಮಾನನ ಅಧಿಕಾರ ಬೇಕು, ಮೇಲಿನವುಗಳಿಗೆ ಬೇಡ. ಹೀಗೆ ಮಾಡಿದೊಡನೆ ಎರಡೂ ಎದ್ದು ಕುಳಿತವು. ಒಂದೇ ಯಂತ್ರ, ಅಕ್ಕಪಕ್ಕದಲ್ಲಿ ಎರಡು ಬೇರೆ ಜಾತಿಯ ಸರ್ವರು, ಜಗಳವಿಲ್ಲ. ಅಳಿಸಿಹಾಕಲು ಹೊರಟಿದ್ದೆವಲ್ಲ, ಅದಕ್ಕೆ ಮದ್ದು ನಾಲ್ಕು ಅಂಕೆಗಳಾಗಿತ್ತು.

ಒಂದು ಕೊರತೆ ಉಳಿಯಿತು. ವಿಕಿಪೀಡಿಯ ಬೇಕಾದವರು ವಿಳಾಸದ ಕೊನೆಗೆ ಎರಡು ಚುಕ್ಕೆ ಇಟ್ಟು 8080 ಎಂದು ಸೇರಿಸಬೇಕು. ಮಕ್ಕಳು ಮರೆತರು, ಮರೆತು ಪದಪಟ್ಟಿಗೆ ಹೋಗಿ, ಕೆಟ್ಟಿದೆಯೆಂದರು. ಅದಕ್ಕೆ ಎರಡನೆಯ ಬಗೆ.

ತಾಲ್ಲೂಕು ಕಚೇರಿಗೆ ಹೋದರೆ ಬಾಗಿಲಲ್ಲಿ ಒಬ್ಬರು ಕುಳಿತಿರುತ್ತಾರೆ. ಪಹಣಿ ಎಂದವರ ಅರ್ಜಿಯನ್ನು ಭೂಮಿ ಕೇಂದ್ರಕ್ಕೆ, ಪಿಂಚಣಿ ಎಂದವರದನ್ನು ಇನ್ನೊಂದು ಕೋಣೆಗೆ ತಾವೇ ಒಯ್ದು, ಉತ್ತರವನ್ನು ತಂದು ನಿಮ್ಮ ಕೈಗೆ ಕೊಡುವಂತಿದ್ದರೆ ಹೇಗೆ? ಒಳಗಿನ ಕೋಣೆಯ ಸಂಖ್ಯೆ ನಿಮಗೆ ಬೇಕಿಲ್ಲ. ಕಚೇರಿಯಲ್ಲಿ ಅಂಥವರು ಸಿಕ್ಕುವುದು ನಮ್ಮ ಪುಣ್ಯ. ಯಂತ್ರದಲ್ಲಿ ಅದು ದಿನವೂ ನಡೆಯುತ್ತದೆ. ಹೀಗೆ ಮುಂದೆ ನಿಂತು ಒಳಗಿನವರ ಪರವಾಗಿ ಮಾತಾಡುವ ಸರ್ವರಿಗೆ ರಿವರ್ಸ್ ಪ್ರಾಕ್ಸಿ ಎಂದು ಹೆಸರು. ನಾನು ಮುಂಬಾಗಿಲಿನ ಸರ್ವರು ಎನ್ನುತ್ತೇನೆ. ಈ ಕೆಲಸವನ್ನು ಅಪಾಚೆಯೇ ಮಾಡಬಲ್ಲದು. 80ರಲ್ಲಿ ಅದನ್ನೇ ಕೂರಿಸಿ, “ವಿಳಾಸದ ಕೊನೆಗೆ ವಿಕಿ ಎಂದು ಸೇರಿಸಿ ಕೇಳಿದವರ ಬೇಡಿಕೆಯನ್ನು ಒಳಗಿನ 8080ಕ್ಕೆ ದಾಟಿಸು, ಉಳಿದದ್ದನ್ನು ನೀನೇ ಕೊಡು” ಎಂದು ಎರಡು ಸಾಲು ಬರೆದೆವು. ಕಿವಿಕ್ಸಿಗೆ ಯಂತ್ರದ ಒಳಗಿನಿಂದ ಬಂದ ಕರೆಗೆ ಮಾತ್ರ ಓಗೊಡು ಎಂದೆವು. ಹೊರಗೆ ಕಾಣುವುದು ಒಂದೇ ಬಾಗಿಲು. ಭದ್ರತೆಗೂ ಅದು ಒಳ್ಳೆಯದು.

ಇಲ್ಲಿ ನಾವು ಒಂದು ಗುಂಡಿಗೆ ಬಿದ್ದೆವು. ಮೊದಲ ಪುಟ ತೆರೆಯಿತು. ಅದರೊಳಗಿನ ಯಾವ ಕೊಂಡಿ ಒತ್ತಿದರೂ ಪುಟ ಇಲ್ಲ ಎಂದಿತು. ತಾನು ಈಗ ವಿಕಿ ಎಂಬ ಹೆಸರಿನ ಹಿಂದೆ ಕುಳಿತಿದ್ದೇನೆಂಬುದು ಕಿವಿಕ್ಸಿಗೆ ತಿಳಿಯದೆ, ಹಳೆಯ ವಿಳಾಸದಲ್ಲಿಯೇ ಕೊಂಡಿಗಳನ್ನು ಬರೆಯುತ್ತಿತ್ತು. ಎಬ್ಬಿಸುವಾಗಲೇ ಅದಕ್ಕೆ ಅದರ ಬುಡದ ಹೆಸರನ್ನು ಹೇಳಿಕೊಡಬೇಕು. ಇಬ್ಬರನ್ನು ಜೊತೆಗಿಡುವವರು ಇದನ್ನು ಮರೆಯಬಾರದು: ಯಾರು ಎಲ್ಲಿದ್ದಾರೆಂಬುದು ಇಬ್ಬರಿಗೂ ತಿಳಿದಿರಬೇಕು.

ಮುಂಬಾಗಿಲಿನ ಇನ್ನೊಂದು ಲಾಭವನ್ನು ಹರಪನಹಳ್ಳಿಯವರು ಬೇಗ ಮನಗಾಣುತ್ತಾರೆ. ಆ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, ಮುಂದೆ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯದಾಯಿತು. ಊರು ಕದಲಲಿಲ್ಲ, ಕಾಗದದ ಮೇಲಿನ ಜಿಲ್ಲೆ ಮಾತ್ರ ಮೂರು ಸಲ ಬದಲಾಯಿತು. ಪ್ರತಿ ಸಲವೂ ಅರ್ಜಿ ಬರೆಯುವವರು ತಿದ್ದಿ ಬರೆಯಬೇಕಾಯಿತು. ಮುಂಬಾಗಿಲು ಇರುವ ಯಂತ್ರದಲ್ಲಿ ಒಳಗಿನ ಸರ್ವರನ್ನು ಬೇರೆ ಬಾಗಿಲಿಗೋ ಬೇರೆ ಯಂತ್ರಕ್ಕೋ ಸಾಗಿಸಿದರೂ ಹೊರಗಿನ ಓದುಗ ಬರೆಯುವ ವಿಳಾಸ ಅದೇ. ಒಳಗೆ ಒಂದು ಸಾಲು ತಿದ್ದಿದರೆ ಮುಗಿಯಿತು.

ಇದು ಹಳ್ಳಿಯ ಶಾಲೆಯ ಬಡ ಉಪಾಯವೆಂದು ತಿಳಿಯಬೇಡಿ. ದೊಡ್ಡ ದೊಡ್ಡ ತಾಣಗಳು ಬೇಕೆಂದೇ ಎರಡು ಬಗೆಯ ಸರ್ವರುಗಳನ್ನು ಇಟ್ಟುಕೊಳ್ಳುತ್ತವೆ. ಕಾರಣ ಹೀಗೆ. ಅಪಾಚೆಯ ಹಳೆಯ ಪದ್ಧತಿಯಲ್ಲಿ ಬಂದ ಪ್ರತಿಯೊಬ್ಬ ಅತಿಥಿಗೂ ಒಬ್ಬ ಬಡಿಸುವವನು. ಅತಿಥಿ ನಿಧಾನವಾಗಿ ಉಂಡರೆ ಅವನು ಅಲ್ಲಿಯೇ ನಿಂತಿರಬೇಕು. ಹತ್ತು ಸಾವಿರ ಮಂದಿ ಒಮ್ಮೆಗೇ ಬಂದರೆ ಅಷ್ಟು ಮಂದಿ ಬಡಿಸುವವರನ್ನು ಯಂತ್ರ ಎಲ್ಲಿಂದ ತರಬೇಕು? ಈ ಹತ್ತು ಸಾವಿರದ ಸಮಸ್ಯೆಯನ್ನು ಬಿಡಿಸಲೆಂದು ರಷ್ಯದ ಇಗೋರ್ ಸಿಸೊಯೆವ್ ಎಂಬವರು ಎಂಜಿನ್‌ಎಕ್ಸ್ ಎಂಬ ಸರ್ವರನ್ನು ಬರೆದು 2004ರಲ್ಲಿ ಹೊರತಂದರು. ಅದರಲ್ಲಿ ಬಡಿಸುವವರು ಕೆಲವರೇ. ಅವರು ಎಲ್ಲಿಯೂ ನಿಲ್ಲದೆ ಪಂಕ್ತಿಯುದ್ದಕ್ಕೂ ತಿರುಗುತ್ತ, ಯಾರ ಎಲೆ ಬರಿದಾಗಿದೆಯೋ ಅಲ್ಲಿಗೆ ಬಡಿಸುತ್ತಾರೆ. ಜಾತ್ರೆಯ ದಾಸೋಹದ ಪಂಕ್ತಿಯನ್ನು ಕೊಟ್ಟೂರಿನವರು ಬಲ್ಲರು, ಅದೇ ಪದ್ಧತಿ. ಆದ್ದರಿಂದ ಜನಸಂದಣಿಯನ್ನು ತಡೆಯಲು ಮುಂದೆ ಎಂಜಿನ್‌ಎಕ್ಸ್, ಹಲವು ವರ್ಷಗಳಿಂದ ಅಪಾಚೆಗೆ ಹೊಂದಿಸಿ ಬರೆದ ಅಡಿಗೆಯನ್ನು ಮಾಡಲು ಹಿಂದೆ ಅಪಾಚೆ, ಹೀಗೆ ಇಬ್ಬರನ್ನೂ ಇಟ್ಟುಕೊಳ್ಳುವುದು ಬಹಳ ಕಡೆ ರೂಢಿಗೆ ಬಂದಿತು. ಅಪಾಚೆಯೂ ಮುಂದೆ, 2012ರಲ್ಲಿ ಬಂದ ತನ್ನ ಆವೃತ್ತಿಯ ಹೊತ್ತಿಗೆ, ಅಂಥದೇ ಪದ್ಧತಿಯನ್ನು ಪಳಗಿಸಿಕೊಂಡಿತು. ಒಬ್ಬರಿಂದ ಒಬ್ಬರು ಕಲಿತರು, ಯಾರೂ ಅಳಿಯಲಿಲ್ಲ.

ನಮ್ಮ ಕನ್ನಡದ ನಿದರ್ಶನವನ್ನೇ ಕೊಡುತ್ತೇನೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಇಂದು ಅದರಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಟರ್ನೆಟ್ಟಿನಲ್ಲಿ ನೀವು ಅದರ ಪುಟವೊಂದನ್ನು ಕೇಳಿದಾಗ ಬೇಡಿಕೆ ಮೊದಲು ಮುಂಬಾಗಿಲಿನ ಸರ್ವರುಗಳಿಗೆ ಹೋಗುತ್ತದೆ. ಏಷ್ಯದ ಓದುಗರಿಗೆ ಹತ್ತಿರವಾಗಲೆಂದು 2018ರಲ್ಲಿ ಸಿಂಗಪುರದಲ್ಲಿ ಅಂಥ ಕೇಂದ್ರವೊಂದನ್ನು ತೆರೆದರು. ಆಗತಾನೇ ಇನ್ನಾರೋ ಕೇಳಿದ ಪುಟವಾದರೆ ಅದರ ಪ್ರತಿ ಅಲ್ಲಿಯೇ ಇರುತ್ತದೆ. ವಾರ್ನಿಶ್ ಎಂಬ ಸರ್ವರು ಅದನ್ನು ಕೂಡಲೆ ಕೊಟ್ಟುಬಿಡುತ್ತದೆ. ಪ್ರತಿ ಇಲ್ಲದಿದ್ದರೆ, ಅಥವಾ ನೀವು ಲೇಖನವನ್ನು ತಿದ್ದಲು ಕುಳಿತಿದ್ದರೆ, ಬೇಡಿಕೆ ದೂರದ ಹಿಂದಣ ಸರ್ವರಿಗೆ ಸಾಗುತ್ತದೆ. ಅಲ್ಲಿ ಪುಟ ಕಟ್ಟುವ ಕೆಲಸದಲ್ಲಿ ಅಪಾಚೆ ಇದೆ. ಓದುಗ ಕಾಣುವುದು ಒಂದು ಪುಟ. ಅದನ್ನು ಬಡಿಸಿದ ಕೈಗಳು ಹಲವು.

ಈಗ “ಸರ್ವರ್ ಇಲ್ಲ” ಎಂಬ ಮಾತಿಗೆ ಮರಳೋಣ. ಪರದೆಯ ಮೇಲೆ ಬರುವ ಅಂಕೆಗಳನ್ನು ಓದಲು ಕಲಿತರೆ ಇಲ್ಲವಾದದ್ದು ಏನೆಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. 404 ಎಂದರೆ ಸರ್ವರು ಎಚ್ಚರವಾಗಿದೆ, ನೀವು ಕೇಳಿದ ಪುಟ ಅಲ್ಲಿಲ್ಲ. ವಿಳಾಸದ ಅಕ್ಷರಗಳನ್ನು ಮತ್ತೊಮ್ಮೆ ನೋಡಿರಿ. 502 ಎಂದರೆ ಮುಂಬಾಗಿಲಿನವನು ಇದ್ದಾನೆ, ಒಳಗಿನವನಿಂದ ಸರಿಯಾದ ಉತ್ತರ ಬರಲಿಲ್ಲ. 503 ಎಂದರೆ ಸದ್ಯಕ್ಕೆ ಸೇವೆ ಸಿಕ್ಕದು. ಸಂದಣಿ ಹೆಚ್ಚಿರಬಹುದು, ಒಳಗಿನದನ್ನು ನಿಲ್ಲಿಸಿರಬಹುದು. ಏನೂ ಬಾರದೆ ಸುಮ್ಮನೆ ತಿರುಗುತ್ತಿದ್ದರೆ ದಾರಿಯೇ ಕಡಿದಿರಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಿಮ್ಮ ಮನೆಯ ಮಗುವಿಗೆ 503 ಕಂಡರೆ ಅದು ನಪಾಸಿನ ಸೂಚನೆಯಲ್ಲ. ಪಂಕ್ತಿ ತುಂಬಿದೆ ಎಂದಷ್ಟೇ ಅರ್ಥ. ಕ್ಷಣಕ್ಷಣಕ್ಕೂ ಒತ್ತುವುದರಿಂದ ಸಂದಣಿ ಇನ್ನಷ್ಟು ಬೆಳೆಯುತ್ತದೆ. ಒಂದು ಲೋಟ ಕಾಫಿ ಕುಡಿದು ಬಂದು ನೋಡಿರಿ.

ಇಬ್ಬರನ್ನು ಇಟ್ಟುಕೊಳ್ಳುವುದರಲ್ಲಿ ಕಷ್ಟವಿಲ್ಲವೆಂದಲ್ಲ. ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ಎರಡಕ್ಕೂ ಹಾಕಬೇಕು; ಒಂದನ್ನು ಮರೆತರೆ ಕಳ್ಳ ನುಗ್ಗುವುದು ಆ ಕಡೆಯಿಂದಲೇ. ಯಂತ್ರದ ನೆನಪಿನ ಜಾಗ ಇಬ್ಬರಿಗೂ ಹಂಚಿಹೋಗುತ್ತದೆ. ಹಳೆಯ ಯಂತ್ರವಾದರೆ ಏದುಸಿರು ಬಿಡುತ್ತದೆ. ಯಾವ ಬಾಗಿಲಲ್ಲಿ ಯಾರು ಎಂಬುದನ್ನು ಬರೆದಿಡಬೇಕು. ನಮ್ಮ ಕೋಣೆಯಲ್ಲಿ ಅದು ಗೋಡೆಗೆ ಅಂಟಿಸಿದ ಒಂದು ಹಾಳೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಕುಳಿತವರು, ಆ ಯಂತ್ರದ ಡಿಸ್ಕು ಕೆಟ್ಟ ದಿನ ಒಟ್ಟಿಗೇ ಹೋಗುತ್ತಾರೆ. ಜೊತೆಗಿರುವುದು ಬೇರೆ, ಜೋಪಾನವಾಗಿರುವುದು ಬೇರೆ. ವಿಕಿಪೀಡಿಯದ ಕಡತ ಹೋದರೆ ಮತ್ತೊಂದು ತರಬಹುದು. ಹಗೇವಿನ ಮಾತುಗಳನ್ನು ತರಲಾಗದು. ಆದ್ದರಿಂದ ಪದಪಟ್ಟಿಯ ಪ್ರತಿಯೊಂದನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಇಳಿಸಿ ಬೇರೆ ಮನೆಯಲ್ಲಿ ಇಡುವ ಪರಿಪಾಠ ಹಾಕಿಕೊಂಡಿದ್ದೇವೆ. ಆ ಕೆಲಸವನ್ನು ಮೊದಲು ವಹಿಸಿಕೊಂಡವಳು ಅಂದು ಎದ್ದು ನಿಂತ ಹುಡುಗಿ.

ನಿಮ್ಮ ಮನೆಯಲ್ಲಿ ಸರ್ವರು ಇರಲಾರದು. ಆದರೆ ಹಳೆಯ ಮೊಬೈಲಿನಲ್ಲಿ ತೀರಿಹೋದವರ ದನಿ ಇರಬಹುದು, ಮೂಲೆಯ ಗಣಕಯಂತ್ರದಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದ ಮನೆತನದ ಬರಹ ಇರಬಹುದು. ಹೊಸದು ಬಂದಾಗ “ಇದನ್ನು ಒರೆಸಿಬಿಡೋಣ” ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿಯಾರು. ಒಂದು ದಿನ ತಡೆಯಿರಿ. ಎರಡಕ್ಕೂ ಬೇರೆ ಬೇರೆ ಬಾಗಿಲು ಉಂಟೇ ಎಂದು ಕೇಳಿರಿ. ಬಹಳ ಸಲ ಇರುತ್ತದೆ.